ಕಮಾಂಡರ್ ಮುರುಗೆಪ್ಪನವರ ಹುಲಿ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ವಿಮಾನ ಹಾರಿಸಿದವನು ಬಂದೇನವಾಜ ಒಬ್ಬನೇ. ಅವನ ತಂದೆ ಅಹಮದಸಾಬರು ಮೋಟಾರು ರಿಪೇರಿ ಮಾಡುತ್ತಿದ್ದರು. ಮಗ ಧಾರವಾಡದ ಕಾಲೇಜಿನಲ್ಲಿ ಓದುತ್ತಿದ್ದರೂ ರಜೆಯ ದಿನ ಯಾವುದಾದರೊಂದು ಲಾರಿಯ ಕೆಳಗಿನಿಂದ ಅವನ ಕಾಲೆರಡು ಹೊರಗೆ ಚಾಚಿರುತ್ತಿದ್ದವು. ಆ ಲಾರಿ ಹೆಚ್ಚಾಗಿ ಎದುರುಮನೆಯ ಹತ್ತಿ ವ್ಯಾಪಾರಿ ಮುರುಗೆಪ್ಪನವರದು. ಅಹಮದಸಾಬರು ತೀರಿಕೊಂಡ ಮೇಲೆ ಅವರ ಹೆಂಡತಿ ಮೌಲಾಬಿ ಪ್ರತಿಯೊಂದಕ್ಕೂ ಮುರುಗೆಪ್ಪನವರ ಸಲಹೆ ಕೇಳುತ್ತಿದ್ದರು. ಮುರುಗೆಪ್ಪನವರು ಕೇಳದೆ ಇದ್ದುದಕ್ಕೂ ಸಲಹೆ ಕೊಡುತ್ತಿದ್ದರು. ಹುಡುಗ ವಿಮಾನದಳಕ್ಕೆ ಸೇರಲು ಹೊರಟಾಗ ಅವರು ಹೇಳಿದ್ದು ಇಷ್ಟು:

"ಹಾರು, ಬ್ಯಾಡನ್ನಂಗಿಲ್ಲ. ಆದ್ರ ಭಾಳ ಮ್ಯಾಲ ಹೋಗಬ್ಯಾಡ ತಮ್ಮಾ. ಬಿದ್ರ ಪೆಟ್ಟು ಕಡಿಮಿ ಆಗಬೇಕು."

ಆ ಸಲಹೆಯನ್ನು ಬಂದೇನವಾಜ ತನಗೆ ತಿಳಿಯದೆಯೇ ಪಾಲಿಸಿದ. ೧೯೪೪ರ ಆರಂಭದಲ್ಲಿ ಬರ್ಮಾದ ಗಡಿಯಲ್ಲಿ ಶತ್ರುಗಳ ನೆಲೆ ನೋಡಿಬರುವ ಕೆಲಸ ಅವನದಾಗಿತ್ತು. ಅದಕ್ಕೆ ಮರದ ತುದಿ ತಾಗುವಷ್ಟು ಕೆಳಗೆ ಹಾರಬೇಕು. ನೆಲದಿಂದ ಬಂದ ಗುಂಡು ರೇಡಿಯೇಟರಿಗೆ ಬಿತ್ತು. ಉಗಿಯ ವಾಸನೆ ಬಂದಾಗ ಅವನಿಗೆ ಮುರುಗೆಪ್ಪನವರ ಏರು ಹತ್ತುವ ಲಾರಿ ನೆನಪಾಯಿತಂತೆ. ಒಣಗಿದ ಭತ್ತದ ಗದ್ದೆಯಲ್ಲಿ ವಿಮಾನವನ್ನು ಹೊಟ್ಟೆಯ ಮೇಲೆ ಜಾರಿಸಿ ನಿಲ್ಲಿಸಿದ. ಬೇರೆ ಯಾರಾದರೂ ಆಗಿದ್ದರೆ ಕಾಡಿಗೆ ಓಡುತ್ತಿದ್ದರು. ಇವನು ಅಹಮದಸಾಬರ ಮಗ. ಎಲ್ಲಿ ಸೋರುತ್ತಿದೆ ಎಂದು ಬಗ್ಗಿ ನೋಡುತ್ತ ನಿಂತ. ತೂತು ಸಿಕ್ಕಿತು. ತಲೆ ಎತ್ತಿದರೆ ಸುತ್ತ ಜಪಾನಿ ಸೈನಿಕರಿದ್ದರು.

ಅವರು ಅವನ ಸೊಂಟಕ್ಕೆ ಹಗ್ಗ ಕಟ್ಟಿ ಊರಿಂದೂರಿಗೆ ನಡೆಸಿಕೊಂಡು ಹೋದರು. ಕೊನೆಗೆ ರಂಗೂನಿನ ಜೈಲಿಗೆ ಹಾಕಿದರು.

ಹುಬ್ಬಳ್ಳಿಗೆ ಬಂದ ತಂತಿಯಲ್ಲಿ ಅವನು ಕಾಣೆಯಾಗಿದ್ದಾನೆ ಎಂದಷ್ಟೇ ಇತ್ತು. ಮೌಲಾಬಿಗೆ ಧೈರ್ಯ ಹೇಳಲು ಬಂದವರು ಮುರುಗೆಪ್ಪನವರ ಹೆಂಡತಿ ಬಾಳವ್ವ.

"ಕಾಣವಲ್ಲಾ ಅಂದ್ರ ಇಲ್ಲಂತಲ್ಲ ಮೌಲಾಬಿ. ನಮ್ಮ ಎಮ್ಮಿನೂ ಕಾಣೆ ಆಗಿತ್ತು. ಉಣಕಲ್ಲ ಕೆರ್ಯಾಗ ಆರಾಮ ಕುಂತಿತ್ತು."

ನಮ್ಮ ಕಡೆ ಮೊಹರಂ ಎಲ್ಲ ಜಾತಿಯವರ ಹಬ್ಬ. ಮಸೀದಿಯಲ್ಲಿ ಕೂರಿಸುವ ಲೋಹದ ಹಸ್ತಗಳಾದ ಪಂಜಾಗಳ ಮುಂದೆ ಯಾರು ಬೇಕಾದರೂ ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸುತ್ತಾರೆ, ಹರಕೆ ಹೊರುತ್ತಾರೆ. ಹರಕೆಗಳಲ್ಲಿ ದೊಡ್ಡದು ಹುಲಿ: ಮೈಗೆಲ್ಲ ಹಳದಿ ಬಳಿದು, ಕಪ್ಪು ಪಟ್ಟೆ ಎಳೆದು, ಹಲಗೆಯ ಬಡಿತಕ್ಕೆ ಕುಣಿಯುತ್ತ ಊರು ಸುತ್ತುವುದು. ಆ ವರ್ಷದ ಮೊಹರಮ್ಮಿನಲ್ಲಿ ಮುರುಗೆಪ್ಪನವರು ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು ಪಂಜಾದ ಮುಂದೆ ಕೈಮುಗಿದರು. "ಹುಡುಗ ಜೀವಂತ ಬರ್ಲಿ. ಅವನ್ನ ಹುಲಿ ಮಾಡಸ್ತೇನಿ."

ಪಕ್ಕದಲ್ಲಿದ್ದ ಮೌಲಾಬಿ ಅಂದರು: "ಆ ಹರಕಿ ತೀರೂತನಕಾ ನಾ ರೊಟ್ಟಿ ತಿನ್ನಂಗಿಲ್ಲ."

ಜೋಳದ ರೊಟ್ಟಿ ಬಿಟ್ಟ ಹುಬ್ಬಳ್ಳಿಯವರ ಊಟದಲ್ಲಿ ಏನು ಉಳಿಯುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೌಲಾಬಿ ಅಂದಿನಿಂದ ಗಂಜಿ ಕುಡಿದು ಇದ್ದರು.

ಜಪಾನಿಗಳು ರಂಗೂನ್ ಬಿಟ್ಟು ಓಡಿದರು, ಕೈದಿಗಳಿಗೆ ಬಿಡುಗಡೆಯಾಯಿತು. ಬಂದೇನವಾಜ ಆಸ್ಪತ್ರೆಯಲ್ಲಿ ಕೆಲವು ತಿಂಗಳಿದ್ದು, ಮರುವರ್ಷದ ಮೊಹರಂ ಹತ್ತಿರ ಬಂದಾಗ ಊರಿಗೆ ಬಂದ. ತಾಯಿ ಬಿಸಿ ರೊಟ್ಟಿ ಬಡಿದು ಹಾಕಿದರು. ಜೈಲಿನಲ್ಲಿ ಹಸಿದ ಕೈದಿಗಳು ದಿನವೂ ತಮ್ಮತಮ್ಮ ಮನೆಯ ಅಡುಗೆ ಹೇಳಿಕೊಳ್ಳುತ್ತಿದ್ದರು. ಇವನು ಹೇಳುತ್ತಿದ್ದದ್ದು ಈ ರೊಟ್ಟಿಯನ್ನೇ. ಎರಡನೆಯದು ಮುರಿಯುವಾಗ ತಾಯಿಯ ಮುಂದೆ ಗಂಜಿ ಕಂಡಿತು. ಅವರ ಕೈಬಳೆ ಮೊಣಕೈವರೆಗೂ ಸರಿದಾಡುತ್ತಿತ್ತು. ಅಲ್ಲೇ ಕೂತಿದ್ದ ಬಾಳವ್ವ ಹರಕೆಯ ಸಂಗತಿ ಹೇಳಿದರು. ಅವನು ಎಂಜಲುಗೈಯಲ್ಲೇ ಎದುರುಮನೆಗೆ ಹೋದ.

"ಕಾಕಾ, ಹರಕಿ ಹೊತ್ತವರು ನೀವು, ಬಣ್ಣ ಬಳಿಯೂದು ನನ್ನ ಮೈಗೇನ್ರಿ?"

"ನನ್ನ ಮೈಗೆ ಬಳಿಯಾಕ ಅಷ್ಟ ಹಳದಿ ಹುಬ್ಬಳ್ಳ್ಯಾಗ ಎಲ್ಲೈತಿ?" ಅಂದರು ಮುರುಗೆಪ್ಪ. ಇದು ಅತಿಶಯೋಕ್ತಿಯಲ್ಲ. ಅವರು ಕೂತರೆ ತಕ್ಕಡಿ ಕಾಣುತ್ತಿರಲಿಲ್ಲ.

ಬಂದೇನವಾಜ ಹುಲಿಯಾಗಲು ಒಪ್ಪಿದ. ಅಲ್ಲಿಂದ ಮುಂದೆ ದಿನವೂ ಸಂಜೆ ಮುರುಗೆಪ್ಪನವರ ಕಟ್ಟೆಯ ಮೇಲೆ ಕುಳಿತು ಸೆರೆಯ ಕಥೆ ಹೇಳುವುದಾಯಿತು. ಜಪಾನಿ ಅಧಿಕಾರಿ ಅವನನ್ನು ವಿಚಾರಣೆ ಮಾಡಿ, ನಿಮ್ಮ ವಿಮಾನಗಳು ಎಲ್ಲೆಲ್ಲಿವೆ ಎಂದು ಕೇಳಿದ್ದನಂತೆ. ಬಾಯಿಬಿಡದಿದ್ದರೆ ಹೊಡೆತ, ನಿಜ ಹೇಳಿದರೆ ಗೆಳೆಯರಿಗೆ ಸಾವು.

"ಮತ್ತ ಏನಂದ್ಯೋ?"

"ನಮ್ಮೂರ ಸುತ್ತಿನ ಹೆಸರ ಹೇಳಿದೆ. ಉಣಕಲ್ಲಾಗ ಒಂದು ದಳ ಐತಿ, ಗೋಕುಲ ದಾರ್ಯಾಗ ಒಂದು, ದೊಡ್ಡ ಬಾಂಬರೆಲ್ಲಾ ಉಪ್ಪಿನಬೆಟಗೇರ್ಯಾಗ ಅಂದೆ. ನಕಾಶಾನೂ ತಗದು ಕೊಟ್ಟೆ."

ಮುರುಗೆಪ್ಪನವರು ಎದ್ದೇ ನಿಂತರು. "ಗೋಕುಲ ದಾರ್ಯಾಗ ನನ್ನ ಹತ್ತಿ ಗೋದಾಮ ಐತಲ್ಲೋ, ಮಂಗ್ಯಾನ ಮಗನ! ಬಾಂಬ್ ಹಾಕಿದ್ರ?"

"ಯುದ್ಧ ಮುಗದೈತ್ರಿ ಕಾಕಾ."

"ಅವರಿಗೆ ಗೊತ್ತೈತಿಲ್ಲೋ, ಎಲ್ಲಾರಿಗೂ?"

"ಇನ್ನೊಂದು ಐತ್ರಿ. ಕಮಾಂಡರ್ ಯಾರು ಅಂತ ಕೇಳಿದ್ರು. ಲಗೂನ ಹೆಸರು ಬರಲಿಲ್ಲ. ಕಮಾಂಡರ್ ಮುರುಗೆಪ್ಪ ಅಂದೆ."

ಮುರುಗೆಪ್ಪನವರು ಮೂರು ದಿನ ಅವನ ಜೊತೆ ಮಾತುಬಿಟ್ಟರು. ನಾಲ್ಕನೆಯ ದಿನ ಪೇಟೆಯಲ್ಲಿ ಹತ್ತಿ ಹಿಂಜಿ ನೋಡುತ್ತ, ಕೇಳದವರಿಗೂ, "ಜಪಾನದ ದಫ್ತರದಾಗ ನಮ್ಮ ಹೆಸರು ಐತ್ರಿ. ಸೈನ್ಯದ ಕಡಿಂದ," ಎನ್ನತೊಡಗಿದರು.

ಹುಲಿ ಹೊರಡುವ ದಿನ ಬಂತು. ಬಣ್ಣ ಬಳಿಯುವವನು ಗುರುಶಿದ್ದಪ್ಪ. ಎಣ್ಣೆ ಕಡಿಮೆಯಾದರೆ ಬಣ್ಣ ಬೇಗ ಒಣಗಿ ಬಿರಿಯುತ್ತದೆ, ಹೆಚ್ಚಾದರೆ ಒಣಗುವುದೇ ಇಲ್ಲ; ಅವನ ಹದ ಎಂದೂ ತಪ್ಪಿದ್ದಿಲ್ಲ. ಬಂದೇನವಾಜನ ಎದ್ದುಕಾಣುವ ಪಕ್ಕೆಲುಬು ನೋಡಿ, "ಪಟ್ಟಿ ಎಳಿಯಾಕ ಗೆರಿ ನೀವ ಹಾಕ್ಕೊಂಡು ಬಂದೀರಿ, ಪೈಲಟ್‌ಸಾಹೇಬ್ರ," ಎಂದ. ಎಲ್ಲರೂ ನಕ್ಕರು. ಬಣ್ಣ ಮುಗಿಯಿತು, ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದೂ ಆಯಿತು. ಆಮೇಲೆ ಗುರುಶಿದ್ದಪ್ಪ ಹುಲಿಯನ್ನು ಹಿಡಿದು ನಡೆಸಲು ಹೊಸ ಹಗ್ಗ ತೆಗೆದು ಅದರ ಸೊಂಟಕ್ಕೆ ಸುತ್ತಿದ.

ಬಂದೇನವಾಜ ನಿಂತಲ್ಲೇ ಸೆಟೆದುಕೊಂಡ. ಕಣ್ಣು ಎಲ್ಲೋ ನೋಡುತ್ತಿತ್ತು. ಬೆವರು ಇಳಿದು ಹಳದಿಯ ಮೇಲೆ ಕಪ್ಪು ಪಟ್ಟೆಗಳು ಕದಡಿದವು.

"ಹಗ್ಗ ಬ್ಯಾಡ್ರಿ," ಎಂದ. "ಬಣ್ಣ ನಡೀತೈತಿ. ಹಗ್ಗ ಬ್ಯಾಡ."

ಗುರುಶಿದ್ದಪ್ಪ ಕೈ ತೆಗೆದ. ಆದರೆ ಪದ್ಧತಿ ಪದ್ಧತಿಯೇ. "ಹುಲಿ ಮತ್ತು ಮನಿಶ್ಯಾನ ನಡುವ ಹಗ್ಗ ಇರಬೇಕ್ರಿ. ಬರೇ ಹುಲಿ ಪಂಜಾದ ಮುಂದ ನಡ್ಯಾಂಗಿಲ್ಲ. ಹರಕಿ ತೀರಂಗಿಲ್ಲ."

ಮೌಲಾಬಿ ಮುಂದೆ ಬಂದು ಸೆರಗಿನಿಂದ ಮಗನ ಬೆವರು ಒರೆಸಿದರು, ಸೆರಗೂ ಹಳದಿಯಾಯಿತು. "ಬಿಡ್ರಿ. ನಾ ಸಾಯೂತನಕಾ ಗಂಜಿ ಕುಡೀತೇನಿ. ನನ್ನ ಮಗನ್ನ ಯಾರೂ ಕಟ್ಟಬ್ಯಾಡ್ರಿ."

"ಅಮ್ಮಾ, ಕಟ್ಟಲಿ ಬಿಡು," ಎಂದ ಬಂದೇನವಾಜ. ಆದರೆ ಹಗ್ಗ ಹತ್ತಿರ ಬಂದರೆ ಮೈ ತಾನಾಗಿ ಹಿಂದೆ ಸರಿಯುತ್ತಿತ್ತು.

ಮುರುಗೆಪ್ಪನವರು ಇದನ್ನೆಲ್ಲ ನೋಡುತ್ತ ನಿಂತಿದ್ದರು. ಹೆಗಲ ಮೇಲಿನ ಶಲ್ಯ ತೆಗೆದು ಬಾಳವ್ವನ ಕೈಗೆ ಕೊಟ್ಟರು.

"ಗುರುಶಿದ್ದಾ, ಹಗ್ಗ ನಡುವ ಇರಬೇಕು, ಖರೇ. ಯಾರ ಸೊಂಟಕ್ಕ ಅನ್ನೂದು ಎಲ್ಲಿ ಬರದೈತಿ?"

ಗುರುಶಿದ್ದಪ್ಪ ಯೋಚಿಸಿದ. "ಎಲ್ಲೂ ಇಲ್ರಿ."

"ಹಂಗಾರ ನನ್ನ ಕಟ್ಟು. ಹರಕಿ ನಂದು. ಮ್ಯಾಲ, ಸೈನಿಕನಕಿಂತಾ ಮೊದ್ಲು ಸೆರಿ ಆಗಬೇಕಾದಾಂವ ಕಮಾಂಡರ್."

ಹೊಸ ಹಗ್ಗದಲ್ಲಿ ಅರ್ಧ ಅವರ ಹೊಟ್ಟೆಗೇ ಹೋಯಿತು. ಉಳಿದ ತುದಿಯನ್ನು ಹುಲಿ ತನ್ನ ಪಂಜದಲ್ಲಿ ಹಿಡಿಯಿತು. ಮೊದಲು ಮೆಲ್ಲಗೆ ಎಳೆದು ನೋಡಿತು. ಬಂದೇನವಾಜನ ಬಾಯಿಯ ಮೂಲೆ ನಡುಗಿ, ಆಮೇಲೆ ಅಗಲವಾಯಿತು. ಹಲಗೆಯ ಸದ್ದು ಎದ್ದಿತು.

ಆ ದಿನ ಹುಬ್ಬಳ್ಳಿ ಕಂಡದ್ದು ಹುಲಿಯೇ ಹಗ್ಗ ಹಿಡಿದು ನಡೆಸಿಕೊಂಡು ಹೋಗುತ್ತಿದ್ದ ವ್ಯಾಪಾರಿಯನ್ನು. ಲಾರಿ ಇಲ್ಲದೆ ಓಣಿ ದಾಟದ ಮುರುಗೆಪ್ಪನವರು ಮಸೀದಿಯ ಪಂಜಾದವರೆಗೆ, ಅಲ್ಲಿಂದ ಪೇಟೆಯವರೆಗೆ, ಮತ್ತೆ ತಿರುಗಿ ಓಣಿಯವರೆಗೆ ನಡೆದರು. "ಸಾವಕಾಶ ತಮ್ಮಾ, ಕಮಾಂಡರ್ ವಯಸ್ಸು ನೋಡೋ!" ಎಂದು ಅವರು ಕೂಗಿದಷ್ಟೂ ಹುಲಿ ಎತ್ತರ ಎತ್ತರಕ್ಕೆ ಹಾರುತ್ತಿತ್ತು. ಪೇಟೆಯ ಗಿರಾಕಿಯೊಬ್ಬ, "ಮುರುಗೆಪ್ಪಾರ, ಹತ್ತಿ ದರ ಹೆಂಗೈತ್ರಿ?" ಎಂದು ಕೇಳಿದ. ಅವರಿಗೆ ಮಾತಾಡಲು ಉಸಿರಿರಲಿಲ್ಲ, ವ್ಯಾಪಾರದ ಮಾತಿಗೆ ಅವರು ಉತ್ತರ ಕೊಡದೆ ಹೋದದ್ದು ಅದೊಂದೇ ಸಲ.

ಮನೆಗೆ ಬಂದಾಗ ಮೌಲಾಬಿ ಹೆಂಚು ಕಾಯಿಸಿ ಕುಳಿತಿದ್ದರು. ಮುರುಗೆಪ್ಪನವರು ಮೌಲಾಬಿಯ ಕಟ್ಟೆಯ ಮೇಲೆ ಕುಸಿದು, "ಲಗೂ ಬಿಚ್ಚೋ," ಎಂದರು. ಬಂದೇನವಾಜ ಗಂಟನ್ನು ಅತ್ತಿತ್ತ ತಿರುವಿ, ಎಂಜಿನ್ ನೋಡುವಂತೆ ಬಗ್ಗಿ ನೋಡಿದ.

"ಬೆವರಿಗೆ ಬಿಗದೈತಿ ಕಾಕಾ. ಸ್ವಲ್ಪ ಒಣಗಲಿ," ಎಂದು ಒಳಗೆ ಹೋದ. ಮೊದಲ ರೊಟ್ಟಿಯನ್ನು ತನ್ನ ಹಳದಿ ಕೈಯಿಂದಲೇ ಮುರಿದು ತಾಯಿಯ ಬಾಯಿಗಿಟ್ಟ.

"ಮೌಲಾಬಿ," ಕಟ್ಟೆಯಿಂದ ಕೂಗು ಬಂತು, "ಕೈದಿಗೂ ಒಂದು ರೊಟ್ಟಿ ಕಳಸವ್ವಾ!"