ತೆರೆಯ ಮೇಲಿನ ಕೆಂಪು ಟವಲು

ಆಪರೇಟರ್ ಮಾವನ ಉಂಗುರ ಬೆರಳಿನ ಬುಡದಲ್ಲಿ ಒಂದು ಬಿಳಿ ಪಟ್ಟೆಯಿತ್ತು. ಉಳಿದ ಕೈಯೆಲ್ಲ ಬಿಸಿಲಿಗೆ ಕಪ್ಪಾಗಿ, ಅಲ್ಲಿ ಮಾತ್ರ ಎಳೆ ಮಗುವಿನ ಚರ್ಮ. ಆಲೂರಿನ ಹತ್ತಿರದ ಸಬ್‌ಸ್ಟೇಷನ್ನಿನ ಗೇಟಿಗೆ ಬಂದೊಡನೆ ಬೆಳ್ಳಿಯುಂಗುರ ತೆಗೆದು ಕರವಸ್ತ್ರದ ತುದಿಗೆ ಗಂಟು ಹಾಕುವರು. ಸಂಜೆ ಗೇಟು ದಾಟಿದ ಮೇಲೆಯೇ ಅದು ಮತ್ತೆ ಬೆರಳಿಗೆ. ಕರೆಂಟಿಗೆ ಬೆಳ್ಳಿ ಕಂಡರೆ ಬಲು ಆಸೆ ಎಂದು ನಗುವರು. ಊರಿಗೆಲ್ಲ ಅವರು ಆಪರೇಟರ್ ಮಾವ, ನನಗೂ ಹಾಗೆಯೇ.

ನಾನು ಆದೋನಿಯ ಆಫೀಸಿನ ಹೊಸ ಇಂಜಿನಿಯರ್. ಸುತ್ತಲಿನ ಲೈನುಗಳ ಸ್ವಿಚ್ಚುಗಳನ್ನೆಲ್ಲ ಒಂದೇ ತೆರೆಯ ಮುಂದೆ ಕೂತು ನಡೆಸುವ ಕಂಪ್ಯೂಟರ್ ಕೂರಿಸುವ ಕೆಲಸ ನನ್ನದು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ! ಗಾಳಿಯಂತ್ರದ ಕರೆಂಟು, ಸೋಲಾರಿನ ಕರೆಂಟು, ಎಲ್ಲ ಬಣ್ಣಬಣ್ಣದ ಗೆರೆಗಳಾಗಿ ಕಣ್ಣೆದುರು ಹರಿಯುತ್ತಿದ್ದವು. ಆಲೂರಿನ ಕಡೆಯಿಂದ ಸಪ್ಲೈ ನಿಂತರೆ ಕಂಪ್ಯೂಟರ್ ತಾನೇ ಪತ್ತಿಕೊಂಡದ ಕಡೆಯಿಂದ ದಾರಿ ಹುಡುಕಿ ಕರೆಂಟು ತರುತ್ತಿತ್ತು, ಪೋಲಾಗುವ ಕರೆಂಟೂ ಉಳಿಯುತ್ತಿತ್ತು. ಇದನ್ನೆಲ್ಲ ನಾನು ಹೇಳುವಾಗ ಮಾವ ಬಾಯಿ ತೆರೆದು ಕೇಳಿಸಿಕೊಂಡರು. ಆಮೇಲೆ ಮೊದಲ ಪ್ರಶ್ನೆ ಹಾಕಿದರು.

"ಕರೆಂಟ್ ಉಳಸಾಕ ಬಂದೈತಿ ಅಂತೀರಿ, ಸರಿ. ಅದು ತಾನ ಎಷ್ಟು ತಿಂತೈತಿ ಅಮ್ಮಾ?"

ಅವರ ಕಾಟ ತಾಳಲಾರದೆ ಕಂಪ್ಯೂಟರುಗಳ ತಣ್ಣನೆಯ ಕೋಣೆಗೆ ಬೇರೆ ಮೀಟರ್ ಹಾಕಿಸಿದೆ. ರೀಡಿಂಗ್ ನೋಡಿ ನನಗೇ ನಾಚಿಕೆಯಾಯಿತು. ಕೆಲಸವಿಲ್ಲದೆ ಉರಿಯುತ್ತಿದ್ದ ಅರ್ಧ ಯಂತ್ರಗಳನ್ನು ಆರಿಸಿದೆವು. ಅಂದಿನಿಂದ ಪ್ರತಿ ಸೋಮವಾರ ರೀಡಿಂಗ್ ಕೇಳಲು ಮಾವನ ಫೋನು ತಪ್ಪುತ್ತಿರಲಿಲ್ಲ.

ಅವರಲ್ಲಿ ಒಂದು ಹಳೆಯ ರೂಢಿಯಿತ್ತು. ಲೈನ್‌ಮನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಬರಬೇಕು. ಮಾವ ಲೈನ್ ಆರಿಸಿದ ಮೇಲೆ, ಆ ಸ್ವಿಚ್ಚಿನ ಹಿಡಿಕೆಗೆ ಲೈನ್‌ಮನ್ ತನ್ನ ಹೆಗಲ ಮೇಲಿನ ಕೆಂಪು ಟವಲನ್ನು ತಾನೇ ನೇತುಹಾಕಬೇಕು. ಕಂಬದಿಂದ ಇಳಿದು ಬಂದು ತೆಗೆಯಬೇಕಾದವನೂ ಅವನೇ. ಅಲ್ಲಿಯವರೆಗೆ ಯಾರ ಫೋನು ಬಂದರೂ ಮಾವ ಹಿಡಿಕೆ ಮುಟ್ಟುತ್ತಿರಲಿಲ್ಲ. ರಿಜಿಸ್ಟರೂ ಇತ್ತು, ಆದರೆ ಅವರ ನಂಬಿಕೆ ಟವಲಿನ ಮೇಲೆ. ಇನ್ನು ಮೇಲೆ ಟವಲು ಮುಖ ಒರೆಸಲಿಕ್ಕೆ ಮಾತ್ರ ಎಂದು ನಾನು ರೇಗಿಸಿದ್ದೆ.

ಉದ್ಘಾಟನೆಯ ದಿನ ಆದೋನಿಯ ಆಫೀಸಿನಲ್ಲಿ ಮಲ್ಲಿಗೆ ಹಾರ, ಮೈಸೂರುಪಾಕು, ಮೇಲಧಿಕಾರಿಗಳು. ಹನ್ನೊಂದಕ್ಕೆ ಸರಿಯಾಗಿ ಕಂಪ್ಯೂಟರಿನ ಕರಾಮತ್ತು ತೋರಿಸಬೇಕಿತ್ತು, ಮಾವನಿಗೂ ಹೊತ್ತು ಹೇಳಿದ್ದೆ. ಆಲೂರಿನ ಒಂದು ಲೈನು ಆರಿದ್ದು ತೆರೆಯಲ್ಲಿ ಕಂಡಿತು. ಒಳ್ಳೆಯದೇ ಆಯಿತು ಎಂದುಕೊಂಡೆ, ಪತ್ತಿಕೊಂಡದ ಕಡೆಯಿಂದ ಕರೆಂಟು ತಂದು ತೋರಿಸಿದರೆ ಎಲ್ಲರೂ ಬೆರಗಾಗುತ್ತಾರೆ! ಮೌಸಿನ ಮೇಲೆ ಬೆರಳಿಟ್ಟಿದ್ದೆ. ಅಷ್ಟರಲ್ಲಿ ಫೋನು ಬಂತು. ಆ ಹೊತ್ತಿಗೆ ಯಾರ ಫೋನನ್ನೂ ಎತ್ತುತ್ತಿರಲಿಲ್ಲ, ಮಾವನ ಹೆಸರು ಕಂಡು ಎತ್ತಿದೆ.

"ಹನ್ನೊಂದಾತು ಅಂತ ಫೋನ್ ಮಾಡಿದೆ ಅಮ್ಮಾ. ಇಲ್ಲಿ ಹಿಡಕಿ ಮ್ಯಾಲ ಕೆಂಪು ವಲ್ಲಿ ಇನ್ನೂ ತೂಗ್ಯಾಡಾಕತ್ತೈತಿ. ನಿಮ್ಮ ತೆರಿ ಮ್ಯಾಲ ಕಾಣಾಕತ್ತೈತಿಲ್ಲೋ?"

ಕಾಣುತ್ತಿರಲಿಲ್ಲ. ತೆರೆಯ ಮೇಲೆ ಟವಲಿಗೆ ನಾನು ಜಾಗವನ್ನೇ ಮಾಡಿರಲಿಲ್ಲ. ಲೈನ್‌ಮನ್ ಕಂಬದ ಮೇಲಿದ್ದ, ಅವನ ಟವಲು ಆಲೂರಿನ ಹಿಡಿಕೆಯ ಮೇಲಿತ್ತು, ಕರೆಂಟು ಬರಲಿದ್ದದ್ದು ಪತ್ತಿಕೊಂಡದ ಕಡೆಯಿಂದ. ಬೆರಳು ತೆಗೆದೆ. ಇವತ್ತು ತೋರಿಸಲಾಗುವುದಿಲ್ಲ ಎಂದು ಮೇಲಧಿಕಾರಿಗಳಿಗೆ ಹೇಳಿದೆ.

ಮರುದಿನ ಮಾವ ಬಸ್ಸಿನಲ್ಲಿ ಆದೋನಿಗೆ ಬಂದರು. ಬೈಯಲಿಲ್ಲ. ಊಟದ ಚೀಲದಿಂದ ಆ ಲೈನ್‌ಮನ್ನಿನ ಟವಲು ತೆಗೆದು ನನ್ನ ಮೇಜಿನ ಮೇಲಿಟ್ಟು, ಇದನ್ನು ಕಂಪ್ಯೂಟರಿನೊಳಗೆ ಹಾಕಿ ಎಂದರು. ಇಬ್ಬರೂ ಕೂತು ನಿಯಮ ಗೊತ್ತುಮಾಡಿದೆವು: ತೆರೆಯಲ್ಲಿ ಟವಲಿರುವವರೆಗೆ ಯಾವ ಕಡೆಯಿಂದಲೂ ಆ ಲೈನಿಗೆ ಕರೆಂಟು ಹೋಗಬಾರದು, ಹಾಕಿದವನೇ ತೆಗೆಯಬೇಕು, ಅದೂ ನೆಲಕ್ಕಿಳಿದ ಮೇಲೆ, ತನ್ನ ಹೆಬ್ಬೆಟ್ಟು ತನ್ನ ಮೊಬೈಲಿಗೆ ಒತ್ತಿ. ಮೇಲಧಿಕಾರಿಗಳು ಒಪ್ಪಿದರು, ಆದರೆ ತುರ್ತಿಗೆ ಟವಲು ತೆಗೆಯಲು ತಮಗೊಂದು ಗುಂಡಿ ಬೇಕೆಂದರು. ಮಾವ ಬೇಡವೆಂದು ಮೆಲ್ಲಗೆ ತಲೆಯಾಡಿಸಿದರು.

"ದೊಡ್ಡೋರಿಗೆ ಅಂತ ಒಂದು ಗುಂಡಿ ಇಟ್ರ, ಅದನ್ನ ಒತ್ತೂ ದಿನಾನೂ ಬರತೈತ್ರಿ."

ಆ ಗುಂಡಿಯಿದ್ದರೆ ನಾನು ಸಹಿ ಹಾಕುವುದಿಲ್ಲ ಎಂದೆ. ಅಂಥ ಧೈರ್ಯ ಎಲ್ಲಿಂದ ಬಂತೋ, ಮಾವ ಪಕ್ಕದಲ್ಲಿ ಕೂತಿದ್ದರಲ್ಲ. ಎರಡು ವಾರ ಜಗ್ಗಾಡಿ ಕೊನೆಗೆ ಗುಂಡಿಯಿಲ್ಲದ ನಿಯಮವೇ ಬರವಣಿಗೆಗೆ ಇಳಿಯಿತು. ಮೊದಲ ಸಲ ತೆರೆಯ ಮೇಲೆ ಪುಟ್ಟ ಕೆಂಪು ಟವಲು ಮೂಡಿದಾಗ ನಾನು ಕುರ್ಚಿಯಿಂದ ಎದ್ದು ಕುಣಿದೆ! ಪತ್ತಿಕೊಂಡದಿಂದ, ಮಂತ್ರಾಲಯದಿಂದ, ಒಂದರ ಹಿಂದೆ ಒಂದು ಟವಲು. ಮಾವ ನನ್ನ ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿ, ಅಂಚಿಗೊಂದು ಗೆರೆ ಕಡಿಮೆಯಾಯಿತು ಎಂದರು. ಅವತ್ತೇ ಗೆರೆ ಎಳೆದೆ.

ಕಳೆದ ಬೇಸಿಗೆಯಲ್ಲಿ ಮಾವ ಹೋದರು. ಅಂಗಳದಲ್ಲಿ ಮಲಗಿಸಿದ್ದರು. ಬಿಳಿ ಪಟ್ಟೆ ಕಾಣದಂತೆ ಉಂಗುರ ಬೆರಳಲ್ಲಿತ್ತು. ಅಂದು ಕಂಬದ ಮೇಲಿದ್ದ ಲೈನ್‌ಮನ್ ಬಂದು, ಹೆಗಲ ಮೇಲಿನ ಕೆಂಪು ಟವಲನ್ನು ಅವರ ಎದೆಯ ಮೇಲೆ ಹರಡಿದ. ಎತ್ತುವ ಹೊತ್ತಿಗೆ ಯಾರೋ ಅದನ್ನು ಸರಿಸಲು ಕೈ ಚಾಚಿದರು. ಲೈನ್‌ಮನ್ ಆ ಕೈ ಹಿಡಿದ.

"ಹಾಕಿದಾಂವ ನಾನದೀನ್ರಿ," ಎಂದ. "ನಾ ತೆಗಿಯಂಗಿಲ್ಲ."