ಬೆಳ್ಳಿ ಕರಗಿಸುತ್ತಿದ್ದ ಆಂಟಿ

ನಾಯಂಡಹಳ್ಳಿಯ ಶೆಡ್ಡಿನಲ್ಲಿ ಬೆಳ್ಳಿ ಕರಗಿಸಿ ಶುದ್ಧ ಮಾಡುತ್ತಿದ್ದ ಆಂಟಿ ಈಗಿಲ್ಲ. ಯಾವ ಗಟ್ಟಿ ಕೊಟ್ಟರೂ ಮೊದಲು ಸೆರಗಿನಿಂದ ಒರೆಸಿ, ‘ಇರಿ, ಅದೇ ಹೇಳತ್ತೆ’ ಎನ್ನುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಅವಳ ಹಳೆಯ ಕಾಲ್ಗೆಜ್ಜೆಯನ್ನೂ, ದೇವರ ಮನೆಯಲ್ಲಿಟ್ಟು ಅವಳು ಪೂಜಿಸುತ್ತಿದ್ದ ಬೆಳ್ಳಿ ಗಟ್ಟಿಯನ್ನೂ ಅವರ ಬಳಿ ಒಯ್ದೆ. ಎರಡನ್ನೂ ಸೇರಿಸಿ ಒಂದು ದೀಪ ಮಾಡಿಸಬೇಕೆಂದಿದ್ದೆ. ಆಂಟಿ ಗಟ್ಟಿಯನ್ನು ಬಿಳಿ ಕಾಗದದ ಮೇಲೆ ಎಳೆದರು. ಪೆನ್ಸಿಲಿನಂಥ ಬೂದು ಗೆರೆ ಮೂಡಿತು.

‘ಸೀಸ ಕಣಮ್ಮ.’

‘ಅಮ್ಮನಿಗೆ ಯಾರೋ ಟೋಪಿ ಹಾಕಿದಾರೆ ಆಂಟಿ. ಇಷ್ಟು ವರ್ಷ ಸೀಸಕ್ಕೆ ಕುಂಕುಮ ಹಚ್ಚಿದ್ಲು. ಎಸೆದುಬಿಡಿ,’ ಎಂದೆ. ಅಳು ತಡೆಯಲಾಗಲಿಲ್ಲ.

‘ಎಸೆಯೋದಾ? ಚೆನ್ನಾಗಿದೆ ಕಣೇ! ಈ ಗೆಜ್ಜೆ ತುಂಬಾ ತಾಮ್ರ ಇದೆ. ಅದನ್ನ ಬಿಡಿಸೋಕೆ ನಂಗೆ ಸೀಸಾನೇ ಬೇಕು. ನೀನು ಆಚೆ ನಿಂತ್ಕೊ, ಈ ಹೊಗೆ ಕುಡೀಬಾರ್ದು.’

ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೂದಿಯ ಬಟ್ಟಲಿನಲ್ಲಿ ಎರಡನ್ನೂ ಒಟ್ಟಿಗೆ ಕರಗಿಸಿದರು. ಸೀಸವು ತಾಮ್ರವನ್ನೆಲ್ಲ ಹೊತ್ತುಕೊಂಡು ಬೂದಿಯೊಳಗೆ ಇಂಗಿಹೋಯಿತು. ಉಳಿದ ಬೆಳ್ಳಿ ಫಳಕ್ಕನೆ ಮಿಂಚಿತು.

‘ನೋಡು, ಇಷ್ಟು ಬಿಳಿ ಮಾಡಿದ್ದು ಯಾರು? ನಿಮ್ಮಮ್ಮನ ಗಟ್ಟಿ ತಾನೆ?’

ದೀಪ ಚಿಕ್ಕದಾಯಿತು. ಅದರಲ್ಲಿ ಆ ಗಟ್ಟಿಯ ಚೂರೂ ಇಲ್ಲ. ಆದರೆ ಅಮ್ಮ ಮೋಸಹೋದಳೆಂದು ನಾನು ಮತ್ತೆ ಯಾರಿಗೂ ಹೇಳಲಿಲ್ಲ.