ಮಾತಿನ ಮೇಲೆ ಬಂದ ಕಾರು

ಹುಬ್ಬಿನ ಕೂದಲಿಗೆಲ್ಲ ಅಕ್ಕಿ ತೌಡು ಮೆತ್ತಿಕೊಂಡಿತ್ತು. ಕಿವಿಯ ಮೇಲೆ ತೌಡು, ಅಂಗಿಯ ಕಾಲರಿನ ಮಡಿಕೆಯಲ್ಲೂ ತೌಡು. ಆದರೆ ಕಚ್ಚೆಪಂಚೆಯ ಕೆಳಗೆ ಲೇಸು ಬಿಗಿದ ಕಪ್ಪು ಶೂಗಳು ಮಾತ್ರ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದವು. ಟಿ. ನರಸೀಪುರದ ಅಕ್ಕಿ ಗಿರಣಿಯ ಸಾಹುಕಾರರನ್ನು ನಾನು ಮೊದಲ ಸಲ ನೋಡಿದ್ದು ಹಾಗೆ. ಮಿಲ್ಲಿನ ಹಮಾಲರು ಅವರ ಬೆನ್ನ ಹಿಂದೆ, "ಮೇಗಡೆ ನರಸೀಪುರ, ಕೆಳಗಡೆ ಲಂಡನ್ನು" ಎಂದು ನಗುತ್ತಿದ್ದರು. ಸಾಹುಕಾರರಿಗೆ ಅದು ಕೇಳಿಸುತ್ತಿತ್ತು. ಕೇಳಿಸಿ ಒಳಗೊಳಗೇ ಖುಷಿಯಾಗುತ್ತಿತ್ತು ಎಂದು ನನ್ನ ಅಂದಾಜು.

ಮಿಲ್ಲಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ಇಂಗ್ಲಿಷ್ ಕಾರು ನಿಂತಿರುತ್ತಿತ್ತು. ಕಡು ಹಸಿರು ಬಣ್ಣ, ಒಳಗೆ ಚರ್ಮದ ಸೀಟು, ಬಾನೆಟ್ಟಿನ ತುದಿಯಲ್ಲಿ ಮುಂದಕ್ಕೆ ಜಿಗಿಯುತ್ತಿರುವ ಬೆಳ್ಳಿ ಬಣ್ಣದ ಚಿರತೆ. ನೀಲಗಿರಿಯ ಚಹಾ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ವಾಪಸ್ಸು ಹೊರಟಾಗ, ತೋಟಕ್ಕೆ ಅಕ್ಕಿ ಹಾಕುತ್ತಿದ್ದ ಸಾಹುಕಾರರಿಗೆ ಅದನ್ನು ಕೊಡುತ್ತೇನೆಂದು ಬಾಯಿಮಾತಿನಲ್ಲಿ ಹೇಳಿದ್ದನಂತೆ. ಆಮೇಲೆ ಊಟಿಯ ಹೋಟೆಲಿನವನೊಬ್ಬ ಹೆಚ್ಚು ದುಡ್ಡು ಹಿಡಿದು ಬಂದರೂ, "ಅಕ್ಕಿಯವನಿಗೆ ಹೇಳಿಯಾಗಿದೆ" ಎಂದು ಬರಿಗೈಯಲ್ಲಿ ಕಳಿಸಿದನಂತೆ. ಕಾರು ನೋಡಲು ಬಂದವರಿಗೆಲ್ಲ ಸಾಹುಕಾರರು ಈ ಕಥೆ ಹೇಳಿ, ಕೊನೆಗೆ ಸೇರಿಸುತ್ತಿದ್ದರು: "ಇಂಗ್ಲಿಷ್ನೋನು ನಮ್ಮನ್ನ ಆಳ್ದ, ದೋಚ್ದ, ಎಲ್ಲಾ ಸರಿ. ಆದ್ರೆ ಮಾತು ಕೊಟ್ರೆ ಮುಗೀತು ಕಣಯ್ಯ. ಆ ಮಾತ್ನ ಮೇಲೇ ಈ ಗಾಡಿ ನಮ್ಮನೆಗೆ ಬಂದದ್ದು."

ತೊಂಬತ್ತರ ದಶಕದ ಮೊದಲಲ್ಲಿ ನಾನು ನಂಜನಗೂಡಿನಲ್ಲಿ ಹಳೇ ಸ್ಕೂಟರು ಕೊಂಡು ಮಾರುತ್ತಿದ್ದೆ. ನಮ್ಮಪ್ಪ ದನದ ದಲ್ಲಾಳಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವುದನ್ನು ನಾನು ಮಗ್ಗಿಗಿಂತ ಮೊದಲು ಕಲಿತವನು. ಹುಲ್ಲಹಳ್ಳಿಯಲ್ಲಿ ಒಂದು ಹಳೇ ವ್ಯಾನು ಮಾರಾಟಕ್ಕಿತ್ತು. ಅದನ್ನು ಹಿಡಿದರೆ ಟ್ರಾವೆಲ್ಸ್ ಶುರುಮಾಡಬಹುದಿತ್ತು. ಕೈಯಲ್ಲಿ ಪೂರ್ತಿ ದುಡ್ಡಿರಲಿಲ್ಲ. ಮಾರುವವನು ನನ್ನ ಮುಖವನ್ನೇ ನೋಡಲೊಲ್ಲ. ಹೋಗಿ ಹೇಳಿಕೊಂಡಾಗ ಸಾಹುಕಾರರು ಅವನಿಗೆ ಹೇಳಿ ಕಳಿಸಿದ್ದು ಇಷ್ಟೇ: "ಹುಡ್ಗ ಕೊಡ್ತಾನೆ. ನಾನ್ ಹೇಳ್ತಾ ಇವ್ನಿ." ಅವತ್ತೇ ಕೀಲಿ ನನ್ನ ಕೈಗೆ ಬಂತು. ನನ್ನ ವ್ಯಾಪಾರವೆಲ್ಲ ನಿಂತಿರುವುದು ಅವರ ಆ ಎರಡು ಮಾತಿನ ಮೇಲೆ. ಇದನ್ನು ಮುಚ್ಚಿಟ್ಟು ಅವರ ಬಗ್ಗೆ ಬರೆದರೆ ನಾನು ಮನುಷ್ಯನೇ ಅಲ್ಲ.

ಗಾಡಿ ನೋಡುವುದನ್ನು ಕಲಿಸಿದವರೂ ಅವರೇ. "ಮೀಟ್ರು ತಿರುಗುಸ್ಬೋದು, ಪೇಂಟು ಹೊಡೀಬೋದು. ಪೆಡಲ್ ರಬ್ಬರ್ ನೋಡ್ಲಾ, ಅದು ಸುಳ್ಳು ಹೇಳಕಿಲ್ಲ" ಎನ್ನುತ್ತಿದ್ದರು. ಹಳೇ ಗಾಡಿ ಕೊಳ್ಳುವ ಆಸೆ ಇದ್ದವರು ಇದನ್ನು ನೆನಪಿಟ್ಟುಕೊಳ್ಳಿ. ಗಾಡಿ ಓಡಿದಷ್ಟೂ ಅದು ಸವೆದಿರುತ್ತದೆ. ರಬ್ಬರ್ ಹೊಸದಾಗಿದ್ದರೆ ಇನ್ನೂ ಹುಷಾರು. ಇನ್ನೊಂದು ಪಾಠ ಬಾಗಿಲಿನದು. ಕಾರಿನ ಬಾಗಿಲು ಮುಚ್ಚುವ ಸದ್ದಿನಲ್ಲೇ ಅದು ಯಾವ ದೇಶದ್ದೆಂದು ತಿಳಿಯುತ್ತದಂತೆ. "ನಮ್ದು ಡಬ್ಬ ಬಿದ್ದಂಗೆ. ಜಪಾನ್ನೋನ್ದು ಚಿಟಿಕೆ ಹೊಡ್ದಂಗೆ. ಇಂಗ್ಲಿಷ್ನೋನ್ದು ಕೇಳು..." ಎಂದು ತಮ್ಮ ಕಾರಿನ ಬಾಗಿಲನ್ನು ಮೆಲ್ಲಗೆ ತಳ್ಳುತ್ತಿದ್ದರು. "ದೊಡ್ಡ ಮನುಷ್ಯ ಒಂದ್ಸಲ ಊಂ ಅಂದಂಗಿಲ್ವಾ?" ಹಾಗೇ ಇರುತ್ತಿತ್ತು.

ವರ್ಷಕ್ಕೆ ಒಂದೆರಡು ಮದುವೆಗೆ ಕಾರು ಬಿಡುತ್ತಿದ್ದರು. ಸ್ಟೇರಿಂಗ್ ಮಾತ್ರ ಅವರದ್ದೇ. ನಂಜನಗೂಡಿನ ಛತ್ರದ ಮುಂದೆ ಅದು ಬಂದು ನಿಂತರೆ ಜನ ಮದುವೆ ಗಂಡನ್ನು ಬಿಟ್ಟು ಕಾರನ್ನು ಸುತ್ತುವರಿಯುತ್ತಿದ್ದರು. ಊರಲ್ಲಿ ಎಲ್ಲರ ಹತ್ತಿರವೂ ವ್ಯಾನಿತ್ತು. ಆ ಕಾರು ಇರುವವನದೇ ಟ್ರಾವೆಲ್ಸ್ ಎಂದು ನನಗೆ ಅನ್ನಿಸಿಬಿಟ್ಟಿತು. ಅಂಥ ಒಂದು ಮದುವೆ ಮುಗಿಸಿ ವಾಪಸ್ಸು ಹೋಗುವಾಗ ಕಪಿಲಾ ಸೇತುವೆ ದಾಟಿದ ಮೇಲೆ ಬಾಯಿಬಿಟ್ಟು ಕೇಳಿದೆ. ಸಾಹುಕಾರರು ಗಾಡಿ ನಿಲ್ಲಿಸಿದರು.

"ಸ್ಟೇರಿಂಗ್ ತಿರುಗ್ಸಕ್ಕೆ ನನ್ ಕೈಲಿ ಆಗ್ದಿದ್ ದಿವ್ಸ ಇದು ನಿಂದು ಕಣ್ಲಾ. ರೇಟು ಅವತ್ತು ಮಾತಾಡ್ಕಳವ. ಬೇರೆಯೋರ್ಗೆ ಕೊಡಕಿಲ್ಲ, ಆಯ್ತಾ?"

"ಆಯ್ತು ಸಾವ್ಕಾರ್ರೇ."

ಅಲ್ಲಿಂದ ಹತ್ತು ಹನ್ನೆರಡು ವರ್ಷ ಆ ಕಾರನ್ನು ನನ್ನದೆಂದೇ ನೋಡಿಕೊಂಡೆ. ಬೆಂಗಳೂರಿನ ಗುಜರಿಗಳಲ್ಲಿ ಅಲೆದು ಪಾರ್ಟು ತಂದು ಹಾಕಿಸಿದೆ. ನಂಜನಗೂಡಿನಲ್ಲಿ ಅದಕ್ಕೆಂದೇ ಸಿಮೆಂಟು ನೆಲದ ಶೆಡ್ಡು ಕಟ್ಟಿಸಿದೆ. ಮೈಸೂರಲ್ಲಿ ಬೇರೆ ಹಳೇ ಕಾರುಗಳು ಸಿಕ್ಕಿದರೂ ಬೇಡವೆಂದೆ.

ತೊಂಬತ್ತೆಂಟರಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಮಹಾರಾಜರು ಹತ್ತುತ್ತಿದ್ದ, ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಹೆಣ್ಣಿನ ಗೊಂಬೆ ಇರುವ ಕಾರಿದೆಯಲ್ಲ, ಆ ಇಂಗ್ಲಿಷ್ ಕಂಪನಿ ಜರ್ಮನ್ನರ ಪಾಲಾಗಿತ್ತು. ಅದೂ ಹೇಗೆ? ಫ್ಯಾಕ್ಟರಿ ಮತ್ತು ಗೊಂಬೆ ಒಬ್ಬ ಜರ್ಮನ್ನನಿಗೆ, ಹೆಸರು ಇನ್ನೊಬ್ಬ ಜರ್ಮನ್ನನಿಗೆ. ನಮ್ಮ ಕಡೆ ಎತ್ತು ಮಾರಿದವರು ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಹೊಡೆದುಕೊಂಡು ಹೋಗಬೇಕು. ಹಳೇ ಹಗ್ಗ ಮಾರಿದ ಮನೆಯಲ್ಲೇ ಉಳಿದರೆ ಕೊಟ್ಟಿಗೆಯ ಸಿರಿ ಉಳಿಯುತ್ತದೆಂಬ ನಂಬಿಕೆ. ಸಾಹುಕಾರರು ಪೇಪರು ಮಡಿಸಿ ಪಕ್ಕಕ್ಕಿಟ್ಟು, "ಎತ್ತು ಒಬ್ಬನ್ಗೆ, ಹಗ್ಗ ಇನ್ನೊಬ್ಬನ್ಗೆ ಮಾರವ್ರಲ್ಲೋ! ಅದೂ ಲಂಡನ್ ಮೇಲೆ ಬಾಂಬ್ ಹಾಕ್ದೋರ್ಗೆ!" ಎಂದರು.

ಅವರ ಚಿರತೆ ಕಂಪನಿಯೇ ಅಷ್ಟರಲ್ಲಿ ಅಮೆರಿಕದವರ ಕೈಯಲ್ಲಿತ್ತು. ಅದನ್ನು ನೆನಪಿಸಿದೆ. "ಅಮೆರಿಕದೋನು ಇಂಗ್ಲಿಷ್ನೋನ ದಾಯಾದಿ ಕಣಯ್ಯ. ಆಸ್ತಿ ಮನೇಲೇ ಉಳೀತು" ಎಂದು ಸಮಾಧಾನ ಮಾಡಿಕೊಂಡರು.

ಎರಡು ಸಾವಿರದ ಎಂಟರಲ್ಲಿ ಆ ಸಮಾಧಾನವೂ ಹೋಯಿತು. ಚಿರತೆ ಕಂಪನಿಯನ್ನು ನಮ್ಮ ದೇಶದವರೇ ಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಜನ ಎದೆಯುಬ್ಬಿಸಿ ಮಾತಾಡುತ್ತಿದ್ದರು. ನನಗೂ ಹೆಮ್ಮೆ. ಅರ್ಧ ಕೇಜಿ ಮೈಸೂರು ಪಾಕು ಕಟ್ಟಿಸಿಕೊಂಡು ನರಸೀಪುರಕ್ಕೆ ಹೋದೆ.

"ಬಾಯಿ ಸಿಹಿ ಮಾಡ್ಕಳಿ ಸಾವ್ಕಾರ್ರೇ. ನಿಮ್ ಗಾಡಿ ಕಂಪ್ನಿ ಈಗ ನಮ್ದು!"

"ಯಾರು ತಕ್ಕಂಡೋರು? ಈ ಲಾರಿ ಮಾಡ್ತಾರಲ್ಲ, ಅವ್ರಾ?"

ಅಂಗಳದಲ್ಲಿ ಅಕ್ಕಿ ಮೂಟೆ ತುಂಬಿಸಿಕೊಳ್ಳುತ್ತಾ ಅದೇ ಕಂಪನಿಯ ಲಾರಿ ನಿಂತಿತ್ತು. ಅದರ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಇನ್ಮೇಲೆ ನಮ್ ಲಾರಿ, ನಿಮ್ ಕಾರು ಒಂದೇ ಮನೆ ಮಕ್ಳು ಸಾವ್ಕಾರ್ರೇ! ನಾವೂ ನೀವೂ ಬೀಗ್ರಾದೋ!"

ಹಮಾಲರೆಲ್ಲ ಮೂಟೆ ಇಳಿಸಿ ನಕ್ಕರು. ನಾನೂ ನಕ್ಕೆ. ಸಾಹುಕಾರರು ನಗಲಿಲ್ಲ.

"ಫ್ಯಾಕ್ಟ್ರಿ ಅಲ್ಲೇ ಐತೆ, ಕೆಲ್ಸ ಮಾಡೋರು ಅವ್ರೇ. ಯಜಮಾನ ಒಬ್ಬ ಬದ್ಲಾದ, ಅಷ್ಟೇ ತಾನೆ?" ಎಂದೆ.

"ಯಜಮಾನ ಬದ್ಲಾದ್ಮೇಲೆ ಅದೇ ಮನೆ ಅಂತೀಯಾ? ನಮ್ಮೋರು ತಕ್ಕಂಡದ್ದು ತಪ್ಪಲ್ಲ ಕಣ್ಲಾ. ಆ ಮನೆಯೋರೇ ಮಾರುದ್ರಲ್ಲ! ತಮ್ ಮೂತೀನೇ ಮಾರ್ಕಂಡೋರ್ಗೆ ಮಾತು ಯಾವ ಲೆಕ್ಕ?"

ಸಿಹಿ ಮುಟ್ಟಲಿಲ್ಲ. ಅದು ಕಂಪನಿಯ ಮೇಲಿನ ಸಿಟ್ಟೆಂದುಕೊಂಡು ನಾನು ಬಸ್ಸು ಹತ್ತಿದೆ. ಎದುರಿನವನ ಕಣ್ಣು ನೋಡಿ ಅವನ ಕೊನೇ ರೇಟು ಹೇಳುವ ನಾನು, ಅವತ್ತು ಏನನ್ನೂ ಓದಲಿಲ್ಲ.

ನಾಲ್ಕು ತಿಂಗಳಾಗಿರಬೇಕು. ಬನ್ನೂರಿಗೆ ಬಾಡಿಗೆ ಹೋಗಿದ್ದ ನನ್ನ ಡ್ರೈವರ್ ದಾರಿಯಲ್ಲಿ ನರಸೀಪುರದಿಂದ ಫೋನು ಮಾಡಿದ. "ಅಣ್ಣೋ, ಸಾವ್ಕಾರ್ರ ಕಾರ್ನ ಲಾರಿ ಮೇಲೆ ಏರುಸ್ತಾವ್ರೆ. ನಿಮ್ಗೆ ಗೊತ್ತಾ?"

ನಾನು ಹೋಗುವಷ್ಟರಲ್ಲಿ ಕಾರು ಮೇಲೇರಿತ್ತು. ಅದನ್ನು ಕೊಂಡ ಕೊಯಮತ್ತೂರಿನ ಪಾರ್ಟಿಯ ಕಡೆಯವರು ಅದರ ಗಾಲಿಗಳಿಗೆ ಬೆಲ್ಟು ಬಿಗಿಯುತ್ತಿದ್ದರು. ಮೂತಿಯ ಮೇಲೆ ಚಿರತೆಯೂ ಹಾಗೇ ಇತ್ತು. ಅದನ್ನಾದರೂ ಬಿಚ್ಚಿಟ್ಟುಕೊಳ್ಳಬಾರದಿತ್ತೇ? ಹಗ್ಗ ಸಮೇತ ಕೊಟ್ಟಿದ್ದರು. ಸಾಹುಕಾರರು ಮಿಲ್ಲಿನ ಬಾಗಿಲಲ್ಲಿ ನಿಂತಿದ್ದರು. ಕೈಕಾಲು ಗಟ್ಟಿಯಾಗೇ ಇದ್ದವು.

"ಮಾತು ಕೊಟ್ಟಿದ್ರಿ" ಎಂದೆ.

"ಕೊಟ್ಟಿದ್ದೆ. ಆ ಮಾತು ಕಲ್ತದ್ದು ಯಾರಿಂದ? ಅವ್ರೇ ಬುಟ್ಮೇಲೆ ನಾನೊಬ್ಬ ಇಟ್ಕಂಡು ಏನ್ ಮಾಡ್ಲಿ?"

"ನಂಗೆ ಮಾತು ಕೊಟ್ಟೋರು ಲಂಡನ್ನೋರಲ್ಲ. ನೀವು."

ಅವರು ಮಿಲ್ಲಿನ ಒಳಗೆ ಹೋದರು. ಮೆಷಿನ್ನಿನ ಸದ್ದಿನಲ್ಲಿ ಇನ್ನೇನಾದರೂ ಅಂದರೋ ಇಲ್ಲವೋ ತಿಳಿಯಲಿಲ್ಲ. ಕೊಯಮತ್ತೂರಿನವನು ಎಷ್ಟು ಕೊಟ್ಟನೆಂದು ನಾನು ಕೇಳಲಿಲ್ಲ. ರೇಟು ಹೆಚ್ಚಾಯಿತೆಂದು ಒಂದು ಮಾತು ಹೇಳಿ ಕಳಿಸಿದ್ದರೆ ನಾನೂ ಏರಿಸುತ್ತಿದ್ದೆ, ಸೋತರೆ ಕೈಮುಗಿದು ಬರುತ್ತಿದ್ದೆ. ವ್ಯಾಪಾರದಲ್ಲಿ ಸೋಲು ನನಗೆ ಹೊಸದಲ್ಲ. ವ್ಯಾಪಾರಕ್ಕೇ ಕರೆಯದೆ ಬಿಟ್ಟದ್ದು ಹೊಸದು. ಸಿಮೆಂಟು ಶೆಡ್ಡನ್ನು ಗೊಬ್ಬರದ ಅಂಗಡಿಯವನಿಗೆ ಬಾಡಿಗೆಗೆ ಕೊಟ್ಟೆ. ನರಸೀಪುರದ ಕಡೆ ಬಾಡಿಗೆ ಬಂದರೆ ಬೇರೆ ಯಾರನ್ನಾದರೂ ಕಳಿಸುತ್ತಿದ್ದೆ.

ಮರುವರ್ಷ ಅವರಿಗೆ ಲಕ್ವ ಹೊಡೆದಿದೆ ಎಂದು ಸುದ್ದಿ ಬಂತು. ಹೋಗಬಾರದು ಅಂದುಕೊಂಡವನು ಹೋದೆ. ಒಂದು ಕ್ಷಮೆಯ ಮಾತು ಸಿಗಬಹುದೆಂಬ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಮಗಳು ದಿಂಬು ಏರಿಸಿ ಕೂರಿಸಿದಳು. ಹುಬ್ಬು ತೊಳೆದು ಬೆಳ್ಳಗಾಗಿತ್ತು; ಯಾರದೋ ಮುಖದ ಹಾಗೆ ಕಾಣುತ್ತಿತ್ತು. ಬಾಯಿ ಒಂದು ಕಡೆ ಎಳೆದಿದ್ದರೂ ಮಾತು ತಿಳಿಯುತ್ತಿತ್ತು.

"ನೀನು ಎತ್ತಿನ ಹಲ್ಲು ನೋಡ್ದೆ ರೇಟು ಹೇಳೋ ಮನೆಯೋನಲ್ಲ" ಎಂದರು. "ನನ್ ತಾವ ಒಂದು ಕಾಗ್ದ ಯಾಕ್ಲಾ ಬರುಸ್ಕಳ್ನಿಲ್ಲ? ಬರುಸ್ಕಂಡಿದ್ರೆ ನಾನು ಮಾರಕ್ಕಾಯ್ತಿತ್ತಾ?"

ತಪ್ಪನ್ನು ನನ್ನ ತಲೆಗೇ ಕಟ್ಟಿದರಲ್ಲ ಎಂದು ರಕ್ತ ಕುದಿಯಿತು.

"ಕಾಗ್ದ ಕೇಳೋ ಅಂಗಿದ್ರೆ ನಿಮ್ ತಾವ ಯಾಕೆ ಬರ್ತಿದ್ದೆ ಸಾವ್ಕಾರ್ರೇ?"

ಅವರು ಸರಿಯಾಗಿದ್ದ ಕೈಯಿಂದ ಹೊದಿಕೆಯನ್ನು ಮುಖದವರೆಗೂ ಎಳೆದುಕೊಂಡರು. ಆ ವಾರದಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ. ಸಿಟ್ಟು ಅವತ್ತೂ ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ.

ಈಗ ನನ್ನ ಹತ್ತಿರ ಗಾಡಿ ಕೊಳ್ಳಲು ಬರುವವರಿಗೆಲ್ಲ ಹೇಳುತ್ತೇನೆ: ಎದುರಿಗಿರುವವನು ಹೆತ್ತ ಅಪ್ಪನಾದರೂ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ಸಲಹೆ, ನೀವೂ ಪಾಲಿಸಿ. ನಾನೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇನೆ. ಕಾಗದ ಕೇಳಲು ನಾಚಿಕೆಯಾಗುವಂಥ ಮನುಷ್ಯ ಆಮೇಲೆ ನನಗೆ ಒಬ್ಬನೂ ಸಿಕ್ಕಿಲ್ಲ.